ಊರಿನ ಕಾಗದ ಊರಲ್ಲೇ ಇರಲಿ, ಪಟ್ಟಿ ಒಂದಾಗಲಿ: ಕೋಲಾರ ಸೀಮೆಯಲ್ಲಿ ಜನರದೇ ದಾಖಲೆ ಭಂಡಾರ ಕಟ್ಟುವ ಬಗೆ

ಮೊದಲು ನಾವು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಕೋಲಾರ ತಾಲ್ಲೂಕಿನ ನಾಲ್ಕೈದು ಹಳ್ಳಿಗಳ ಹಳೇ ಕಾಗದ, ಫೋಟೊ ಉಳಿಸಬೇಕು ಅಂತ ಹೊರಟ ನಾವು ಐದು ಜನ, ಮೊದಲ ದಿನವೇ ಸ್ಕ್ಯಾನರ್ ಹೊತ್ತುಕೊಂಡು ಹೋದೆವು. ಮೂರು ಭಾನುವಾರಕ್ಕೆ ಸಾವಿರಕ್ಕೂ ಜಾಸ್ತಿ ಫೈಲುಗಳಾದವು. ನಾಲ್ಕನೇ ಭಾನುವಾರ ತೆರೆದು ನೋಡಿದರೆ ಯಾವುದು ಯಾರ ಮನೆಯದು ಅಂತ ಯಾರಿಗೂ ಗೊತ್ತಿಲ್ಲ. ಫೈಲಿನ ಹೆಸರೆಲ್ಲ ಸ್ಕ್ಯಾನರ್ ತಾನೇ ಕೊಟ್ಟ ಅಂಕಿಗಳು. ಒಂದು ಮದುವೆ ಫೋಟೊದಲ್ಲಿ ಹದಿನೇಳು ಜನ ನಿಂತಿದ್ದಾರೆ. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಅಜ್ಜಿ ಹೆಸರು ಹೇಳಿದ್ದರು, ನಾವು ತಲೆಯಾಡಿಸಿದ್ದೆವು, ಬರೆದುಕೊಂಡಿರಲಿಲ್ಲ. ಮತ್ತೆ ಹೋಗಿ ಕೇಳಿದರೆ, ‘ಅವತ್ತೇ ಎಲ್ಲಾ ಹೇಳಿದ್ನಲ್ಲಪ್ಪ, ಏನ್ ಕೇಳಿಸ್ಕೊಂಡ್ರಿ?’ ಅಂತ ರೇಗಿದರು. ರೇಗಿದ್ದು ಸರಿಯೇ.

ಅವತ್ತಿನಿಂದ ನಮ್ಮ ನಿಯಮ ಒಂದೇ. ಪಟ್ಟಿ ಮೊದಲು, ಚಿತ್ರ ಆಮೇಲೆ. ಕಾಗದ ಮನೆಯವರ ಟ್ರಂಕಿನಲ್ಲೇ ಇರಲಿ. ನಾವು ಕಟ್ಟುವುದು ಪಟ್ಟಿ. ಪಕ್ಕದ ಊರಿನವರೂ ಅಂಥದ್ದೇ ಪಟ್ಟಿ ಮಾಡಿದರೆ ಎರಡನ್ನೂ ಜೋಡಿಸಬಹುದು. ಈ ಬರಹದ ಮುಖ್ಯ ಭಾಗ ಆ ಜೋಡಣೆಯ ಬಗ್ಗೆಯೇ ಇದೆ. ಬಹಳ ಜನ ಎಡವುವುದು ಅಲ್ಲೇ.

ಮೊದಲು ಜನ, ಜಾಗ

ಮೂರರಿಂದ ಆರು ಜನ ಸಾಕು. ಒಬ್ಬರಿಗೆ ಕಂಪ್ಯೂಟರ್ ಬರಬೇಕು. ಒಬ್ಬರು ಊರಿನಲ್ಲಿ ಎಲ್ಲರಿಗೂ ಬೇಕಾದವರಾಗಿರಬೇಕು. ಒಬ್ಬರಾದರೂ ಹೆಣ್ಣುಮಕ್ಕಳು ಇರಲೇಬೇಕು. ಇದು ಬಾಯಿಮಾತಿಗೆ ಹೇಳುತ್ತಿಲ್ಲ. ಗಂಡಸರ ಕೈಗೆ ಕೊಟ್ಟರೆ ಜಮೀನಿನ ಕಾಗದ ಹೊರಬರುತ್ತದೆ. ಹೆಂಗಸರು ಅಡುಗೆಮನೆಯಲ್ಲಿ ಕೂತು ಮಾತಾಡಿದರೆ ಫೋಟೊ, ಕಸೂತಿ, ಹಾಡಿನ ನೋಟ್‌ಬುಕ್ ಹೊರಬರುತ್ತವೆ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಪೇಟೆಗಳಲ್ಲಿ ಉರ್ದು. ಕನ್ನಡ ಮಾತ್ರ ಓದಬಲ್ಲ ಗುಂಪು ಅರ್ಧ ಟ್ರಂಕನ್ನು ಹಾಗೇ ಮುಚ್ಚಿಡಬೇಕಾಗುತ್ತದೆ. ತೆಲುಗು, ತಮಿಳು, ಉರ್ದು ಓದುವ ಒಬ್ಬೊಬ್ಬರ ಫೋನ್ ನಂಬರ್ ಮೊದಲೇ ಇಟ್ಟುಕೊಳ್ಳಿ.

ಕೂರಲು ಜಾಗ ಹುಡುಕಿ ಅಲೆಯಬೇಕಿಲ್ಲ. ಗ್ರಾಮ ಪಂಚಾಯ್ತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಸಾಕು. ಮೇಜು ಇರುತ್ತದೆ, ಕರೆಂಟು ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಯಾರ ಮನೆಯೂ ಅಲ್ಲ.

‘ನಮ್ಮನೇಲಿ ಏನೂ ಇಲ್ಲ’

ಎಲ್ಲ ಮನೆಯಲ್ಲೂ ಮೊದಲು ಸಿಗುವ ಉತ್ತರ ಇದೇ. ‘ಹಳೇ ದಾಖಲೆ ಇದೆಯಾ?’ ಅಂತ ಕೇಳಿದರೆ ಇನ್ನೇನು ಹೇಳುತ್ತಾರೆ? ದಾಖಲೆ ಅಂದ ಕೂಡಲೇ ಜಮೀನು, ಕೋರ್ಟು ನೆನಪಾಗುತ್ತವೆ. ಭಾಗದ ತಕರಾರು ನಡೆಯುತ್ತಿರುವ ಮನೆಯಾದರಂತೂ ಕಾಫಿ ಕೂಡ ಸಿಗುವುದಿಲ್ಲ.

ಅದರ ಬದಲು, ‘ಹಳೇ ಲಗ್ನಪತ್ರಿಕೆ ಏನಾದ್ರೂ ಇದೆಯಾ?’ ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ಲಗ್ನಪತ್ರಿಕೆಯಷ್ಟು ತುಂಬಿದ ಕಾಗದ ಇನ್ನೊಂದಿಲ್ಲ. ಸಂವತ್ಸರ, ಮಾಸ, ತಿಥಿ, ಇಂಗ್ಲಿಷ್ ತಾರೀಖು, ಎರಡೂ ಕಡೆಯ ಊರು, ಮೂರು ತಲೆಮಾರಿನ ಹೆಸರು, ಛತ್ರ, ಅಚ್ಚು ಹಾಕಿದ ಪ್ರೆಸ್ಸು, ಎಲ್ಲಾ ಒಂದೇ ಹಾಳೆಯಲ್ಲಿ. ಎರಡು ಊರುಗಳ ಪಟ್ಟಿಯನ್ನು ಜೋಡಿಸುವ ಮೊದಲ ಕೊಂಡಿಯೂ ಅದೇ. ಹೆಣ್ಣು ಕೊಟ್ಟ ಊರು ಒಂದು, ತಂದ ಊರು ಇನ್ನೊಂದು, ಅಲ್ವಾ?

ಲಗ್ನಪತ್ರಿಕೆ ಹೊರಬಂದ ಮೇಲೆ ಅದರ ಕೆಳಗಿನದೆಲ್ಲ ತಾನೇ ಬರುತ್ತದೆ. ಹಾಲಿನ ಡೇರಿ ಪಾಸ್‌ಬುಕ್, ಶಾಲೆಯ ಗುಂಪು ಫೋಟೊ, ನಾಟಕದ ಕರಪತ್ರ. ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆ ಗೂಡು ಮಾರಿದ ಚೀಟಿ. ಕೆಜಿಎಫ್ ಮನೆಯಾದರೆ ಗಣಿಯ ಪಾಸು, ಸಂಬಳದ ಚೀಟಿ. ಆ ಗಣಿಗಳು 2001ರ ಫೆಬ್ರುವರಿ 28ಕ್ಕೆ ಮುಚ್ಚಿದವು. ಸುರಂಗದಲ್ಲಿ ದುಡಿದವರ ಬದುಕಿನ ಲೆಕ್ಕ ಬಹುಪಾಲು ಅವರವರ ಕಾಲೋನಿ ಮನೆಗಳ ತಗಡಿನ ಪೆಟ್ಟಿಗೆಯಲ್ಲೇ ಇದೆ.

ಶಾನುಭೋಗರ ವಂಶದ ಮನೆಯಲ್ಲಿ ಅಟ್ಟ ಹತ್ತಲು ಬಿಟ್ಟರೆ ನಿಮ್ಮ ಪುಣ್ಯ. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು. ಕಟ್ಟುಗಳು ಎಷ್ಟೋ ಕಡೆ ಮನೆಯಲ್ಲೇ ಉಳಿದವು. ಅಲ್ಲಿ ಕಪ್ಪಗೆ, ದಪ್ಪಗೆ, ಬೀಸಣಿಗೆಯ ಹಾಗೆ ಮಡಚಿದ ಬಟ್ಟೆ ಕಂಡರೆ ಸುಟ್ಟದ್ದು ಅಂತ ಎಸೆಯಬೇಡಿ. ಅದೇ ನಿಜವಾದ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಈಗ ಆಫೀಸಿನ ಫೈಲಿಗೆ ನಾವು ಕಡತ ಅನ್ನುವುದು ಅದರ ಹೆಸರನ್ನೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೇ ಹೋಗುತ್ತದೆ, ಜೋಕೆ.

ಕಟ್ಟು ಬಿಚ್ಚುವುದು

ಒಂದು ಮನೆಯ ಕಥೆ ಹೇಳುತ್ತೇನೆ. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟು. ‘ಎತ್ಕೊಂಡ್ ಹೋಗ್ಬೇಡ್ರಪ್ಪ, ಏನ್ ಮಾಡ್ಕೊಂತೀರೋ ಇಲ್ಲೇ ಮಾಡ್ಕೊಳ್ಳಿ’ ಅಂದರು ಮನೆಯ ಹಿರಿಯಮ್ಮ. ಜಗುಲಿ ಮೇಲೆ ಹಳೇ ಬಿಳಿ ಪಂಚೆ ಹಾಸಿದೆವು. ನಮ್ಮ ಹುಡುಗನೊಬ್ಬ ಕಟ್ಟು ಬಿಚ್ಚಿದ ಕೂಡಲೇ ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸಲು ಕೂತ. ಚೊಕ್ಕವಾಗಿ ಕಾಣಲಿ ಅಂತ. ಆಮೇಲೆ ಹಿರಿಯಮ್ಮ ಹೇಳಿದರು: ‘ಮೇಲಿಂದು ನಮ್ಮ ಮಾವನೋರ್ದು, ಮಧ್ಯದಲ್ಲಿ ದಾರ ಕಟ್ಟಿದ್ದು ಅವರ ತಮ್ಮಂದು.’ ದಾರ ಆಗಲೇ ಕಸದಲ್ಲಿತ್ತು.

ಹಾಗಾಗಿ ಬಂದ ಕ್ರಮ ಮುರಿಯಬೇಡಿ. ದಾಖಲೆಗಾರರ ಲೋಕದಲ್ಲಿ ಇದು ಮೊದಲ ಪಾಠ. ಒಬ್ಬರು ಕಟ್ಟಿಟ್ಟ ಕ್ರಮವೂ ಒಂದು ದಾಖಲೆ. ಕಟ್ಟಿಗೊಂದು ಸಂಖ್ಯೆ, ಒಳಗಿನ ಪ್ರತಿ ಕಾಗದಕ್ಕೆ ಮೇಲಿಂದ ಕೆಳಕ್ಕೆ ಸಂಖ್ಯೆ. ಪೆನ್ನು ಬೇಡ. ಮೆತ್ತನೆಯ ಪೆನ್ಸಿಲ್‌ನಲ್ಲಿ ಹಿಂಬದಿಯ ಮೂಲೆಯಲ್ಲಿ, ಒತ್ತದೆ ಬರೆಯಿರಿ. ಫೋಟೊ ಮೇಲೆ ಬರೆಯುವುದಕ್ಕಿಂತ ಅದನ್ನಿಟ್ಟ ಲಕೋಟೆಯ ಮೇಲೆ ಬರೆಯುವುದು ಒಳ್ಳೆಯದು.

ಪ್ರೀತಿಯಿಂದ ಮಾಡುವ ಅನಾಹುತಗಳೂ ಇವೆ. ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯದೆ ನಿಧಾನಕ್ಕೆ ಬಿಡಿಸಿ. ಮಳೆಯಲ್ಲಿ ನೆಂದ ಕಾಗದವನ್ನು ಬಿಸಿಲಿಗಿಡದೆ ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ.

ಒಪ್ಪಿಗೆ ಚೀಟಿ

ಚಿತ್ರ ತೆಗೆಯುವ ಮುಂಚೆ ಒಂದು ಪುಟದ ಒಪ್ಪಿಗೆ ಚೀಟಿ. ಮೂರೇ ಪ್ರಶ್ನೆ. ಪಟ್ಟಿಯಲ್ಲಿ ಸೇರಿಸಬಹುದಾ? ಕೇಳಿಕೊಂಡು ಬಂದವರಿಗೆ ಚಿತ್ರ ತೋರಿಸಬಹುದಾ? ಎಲ್ಲರಿಗೂ ಕಾಣುವಂತೆ ಇಂಟರ್ನೆಟ್‌ಗೆ ಹಾಕಬಹುದಾ? ಮೂರಕ್ಕೂ ಬೇರೆ ಬೇರೆ ಹೌದು, ಇಲ್ಲ. ಓದಲು ಬಾರದವರಿಗೆ ಜೋರಾಗಿ ಓದಿ ಹೇಳಿ. ಮನಸ್ಸು ಬದಲಾದರೆ ತೆಗೆಸಬಹುದು ಅಂತಲೂ ಬರೆದಿರಲಿ. ಚೀಟಿಯ ಒಂದು ಪ್ರತಿ ಅವರ ಕೈಯಲ್ಲಿ.

ಸಾಲಪತ್ರ, ವಿಭಾಗಪತ್ರ, ಬದುಕಿರುವವರ ಆಧಾರ್ ನಂಬರ್, ಕಾಯಿಲೆಯ ಚೀಟಿ, ಜಾತಿ ಹಿಡಿದು ಬೈದು ಬರೆದ ಅರ್ಜಿ ಇಂಥವನ್ನು ಮನೆಯವರು ಹೂಂ ಅಂದರೂ ಇಂಟರ್ನೆಟ್‌ಗೆ ಹಾಕಬೇಡಿ. ಪಟ್ಟಿಯಲ್ಲಿ ‘ವಿಭಾಗಪತ್ರ, 4 ಪುಟ, ಮುಚ್ಚಿದೆ’ ಅಂತಿದ್ದರೆ ಸಾಕು.

ಚಿತ್ರ ತೆಗೆಯುವುದು

ಇದರ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟೊಂದು ಬೇಕಿಲ್ಲ. ಬಿಡಿ ಹಾಳೆಗೆ ಫ್ಲಾಟ್‌ಬೆಡ್ ಸ್ಕ್ಯಾನರ್. ಬರಹಕ್ಕೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ), ಫೋಟೊಗೆ 600. ಎ4 ಹಾಳೆ 300ರಲ್ಲಿ ಬಣ್ಣದಲ್ಲಿ, ಕುಗ್ಗಿಸದ ಟಿಫ್ ಅನ್ನುವ ಚಿತ್ರದ ಫೈಲಾಗಿ ಸುಮಾರು 25 ಎಂಬಿ, 600ರಲ್ಲಿ ಅದರ ನಾಲ್ಕರಷ್ಟು. ಡಿಸ್ಕ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ. ಕಪ್ಪು-ಬಿಳುಪು ಕಾಗದವನ್ನೂ ಬಣ್ಣದಲ್ಲೇ ತೆಗೆಯಿರಿ. ಸೀಲಿನ ನೇರಳೆ, ಶಾಯಿಯ ಕಂದು ಆಮೇಲೆ ಬೇಕಾಗುತ್ತವೆ. ಹಿಂಬದಿ ಖಾಲಿ ಕಂಡರೂ ತೆಗೆಯಿರಿ. ಸ್ಟುಡಿಯೋದ ಸೀಲು ಇರುವುದು ಅಲ್ಲೇ.

ಹೊಲಿದ ಪುಸ್ತಕಕ್ಕೆ, ಕಡತಕ್ಕೆ ಸ್ಕ್ಯಾನರ್ ಬೇಡ, ಮೊಬೈಲ್ ಸಾಕು. ಎರಡು ಸ್ಟೂಲಿನ ನಡುವೆ ಗಾಜಿನ ಹಲಗೆ ಇಟ್ಟು, ಅದರ ಮೇಲೆ ಮೊಬೈಲ್ ಕೆಳಮುಖವಾಗಿಟ್ಟು, ಜಗುಲಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪಕ್ಕದಲ್ಲೊಂದು ಸ್ಕೇಲ್ ಇಡಿ, ಅಳತೆ ಗೊತ್ತಾಗುತ್ತದೆ. ಕಾಗದವನ್ನು ತಾನೇ ಕತ್ತರಿಸಿ ಬೆಳ್ಳಗೆ ಮಾಡುವ ಸ್ಕ್ಯಾನಿಂಗ್ ಆ್ಯಪ್‌ಗಳನ್ನು ಬಳಸಬೇಡಿ. ಅಂಚಿನ ಟಿಪ್ಪಣಿಯನ್ನೂ ಅವು ಕೊಳೆ ಅಂತ ಅಳಿಸಿಬಿಡುತ್ತವೆ.

ಊರ ಮುಂದಿನ ವೀರಗಲ್ಲು, ಶಾಸನಕ್ಕೆ ಮೈದಾ, ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಡಿ. ಹಗಲಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ನಿಲ್ಲುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಮಗೆ ಅಷ್ಟು ಸಲಕರಣೆ ಇಲ್ಲದಿದ್ದರೂ ಕಲ್ಲು ಎಲ್ಲಿದೆ ಅನ್ನುವ ಜಿಪಿಎಸ್ ಗುರುತನ್ನಾದರೂ ಬರೆದಿಡಬಹುದು.

ಪಟ್ಟಿಯ ಕಾಲಂಗಳು

ಒಂದು ಸ್ಪ್ರೆಡ್‌ಶೀಟ್ ಸಾಕು. ಮೊದಲ ಕಾಲಂ ಗುರುತು ಸಂಖ್ಯೆ. ನಮ್ಮದು ಹೀಗಿದೆ: ಕೆಎಲ್‌ಆರ್-012-03-045. ಅಂದರೆ ಕೋಲಾರ ಗುಂಪು, 12ನೇ ಮನೆ, 3ನೇ ಕಟ್ಟು, 45ನೇ ಕಾಗದ. ಫೈಲಿಗೂ ಇದೇ ಹೆಸರು. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಕನ್ನಡದ ಫೈಲ್ ಹೆಸರು ಕೆಲವು ತಂತ್ರಾಂಶಗಳಲ್ಲಿ ಕೆಡುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಯಾವತ್ತೂ ಬದಲಿಸಬಾರದು. ಕಾಗದ ಕಳೆದುಹೋದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು.

ಉಳಿದ ಕಾಲಂಗಳು: ಶೀರ್ಷಿಕೆ, ಬಗೆ, ಬರೆದವರು, ತಾರೀಖು, ಊರು, ಕಾಣುವ ಜನ, ಭಾಷೆ, ಲಿಪಿ, ಪುಟ, ಒಪ್ಪಿಗೆ, ಹೇಳಿದವರು ಯಾರು, ಪಟ್ಟಿ ಮಾಡಿದ್ದು ಯಾರು. ಭಾಷೆ ಬೇರೆ, ಲಿಪಿ ಬೇರೆ ಇರಲಿ. ಕೈವಾರ ತಾತಯ್ಯನ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಓದುವ ಸೀಮೆ ನಮ್ಮದು. ಇದನ್ನೆಲ್ಲ ನಾವೇ ಕಂಡುಹಿಡಿದದ್ದಲ್ಲ. ಡಬ್ಲಿನ್ ಕೋರ್ ಅಂತ ಹದಿನೈದು ಕಾಲಂಗಳ ಒಂದು ಪದ್ಧತಿ ಇದೆ, ಶುರುವಾದದ್ದು 1995ರಲ್ಲಿ. ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಒಹಾಯೊದಲ್ಲಿರುವ ಡಬ್ಲಿನ್ ಅನ್ನುವ ಊರು. ನಮ್ಮ ಕಾಲಂಗಳ ತಲೆಬರಹ ಅದಕ್ಕೆ ಹೊಂದುವ ಹಾಗಿದ್ದರೆ ನಾಳೆ ಯಾವ ದೊಡ್ಡ ಭಂಡಾರದ ಜೊತೆಗೂ ಸೇರಿಕೊಳ್ಳಬಹುದು.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ. ಹಳೇ ‘ನುಡಿ’, ‘ಬರಹ’ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು, ಹುಡುಕಿದರೂ ಸಿಗುವುದಿಲ್ಲ.

ತಾರೀಖಿನದು ಸ್ವಾರಸ್ಯ. ಕಾಗದದಲ್ಲಿ ‘ಬಹುಧಾನ್ಯ ಸಂವತ್ಸರ’ ಅಂತಷ್ಟೇ ಇರುತ್ತದೆ ಅಂದುಕೊಳ್ಳಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತುತ್ತದೆ. ಹಾಗಾಗಿ 1878-79 ಆಗಿರಬಹುದು, 1938-39 ಆಗಿರಬಹುದು, 1998-99 ಕೂಡ. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ 1938ರ ಏಪ್ರಿಲ್ 25 ಬಹುಧಾನ್ಯದಲ್ಲೇ ಬರುತ್ತದೆ. ಯಾವ ಸುತ್ತು ಅಂತ ತಿಳಿಯಲು ಒಳಗೆ ಸುಳಿವು ಹುಡುಕಬೇಕು. ಲೆಕ್ಕ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ಹೊಸ ಪೈಸೆ ಬಂದದ್ದು ಆಗಲೇ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು, ಹಳೇ ಲೆಟರ್‌ಹೆಡ್ ಖರ್ಚು ಮಾಡುತ್ತಿದ್ದ ಜಿಪುಣರನ್ನು ಬಿಟ್ಟು. ಕಾಗದದಲ್ಲಿ ಇದ್ದದ್ದನ್ನು ಒಂದು ಕಾಲಂನಲ್ಲಿ ಹಾಗೇ ಬರೆಯಿರಿ, ನೀವು ಲೆಕ್ಕ ಹಾಕಿದ್ದನ್ನು ಪಕ್ಕದ ಕಾಲಂನಲ್ಲಿ. ಎರಡನ್ನೂ ಕಲಸಬೇಡಿ.

ಜೋಡಿಸುವುದು

ಕೋಲಾರದ ಗುಂಪು, ಚಿಂತಾಮಣಿಯ ಗುಂಪು, ಕೆಜಿಎಫ್‌ನ ಗುಂಪು ಬೇರೆ ಬೇರೆ ಪಟ್ಟಿ ಮಾಡಿವೆ ಅಂದುಕೊಳ್ಳಿ. ಸೇರಿಸಿದ ಕೂಡಲೇ ಕೈಕೊಡುವುದು ಊರಿನ ಹೆಸರು. ಒಂದರಲ್ಲಿ ಮುಳಬಾಗಿಲು, ಇನ್ನೊಂದರಲ್ಲಿ ಮುಳಬಾಗಲು, ಮತ್ತೊಂದರಲ್ಲಿ ಮುಳುಬಾಗಿಲು. ಕಂಪ್ಯೂಟರಿಗೆ ಇವು ಮೂರು ಊರು. ಹಳೇ ಕಾಗದದ ಬೌರಿಂಗ್‌ಪೇಟೆ ಈಗಿನ ಬಂಗಾರಪೇಟೆ. ಚಿಂತಾಮಣಿಯ 1960ರ ಕಾಗದದಲ್ಲಿ ‘ಕೋಲಾರ ಜಿಲ್ಲೆ’ ಅಂತ ಇರುತ್ತದೆ, ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಹೊಸಹಳ್ಳಿಗಳಂತೂ ತಾಲ್ಲೂಕಿಗೊಂದು.

ಅದಕ್ಕೆ ಎಲ್ಲ ಗುಂಪುಗಳಿಗೂ ಸೇರಿ ಒಂದೇ ಊರುಪಟ್ಟಿ ಬೇಕು. ಪ್ರತಿ ಊರಿಗೆ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಒಂದು ಕೋಡ್ ಇದೆ. ಅದನ್ನೇ ಗುರುತಾಗಿ ಹಿಡಿಯಿರಿ. ಅದರ ಮುಂದೆ ಈಗಿನ ಹೆಸರು, ಹಳೇ ಹೆಸರುಗಳು, ತೆಲುಗಿನಲ್ಲಿ ಕರೆಯುವ ಹೆಸರು, ತಪ್ಪು ಕಾಗುಣಿತಗಳು ಎಲ್ಲಾ ಇರಲಿ. ದಾಖಲೆಯ ಸಾಲಿನಲ್ಲಿ ಕಾಗದದ ಕಾಗುಣಿತ ಒಂದು, ಕೋಡ್ ಒಂದು. ಜನ ಬಿಟ್ಟುಹೋದ ಬೇಚರಾಕ್ ಊರುಗಳನ್ನು ಮರೆಯಬೇಡಿ. ಮನೆ ಒಂದೂ ಇಲ್ಲದಿದ್ದರೂ ಕೆರೆ, ಗುಡಿ, ಕಾಗದ ಇರುತ್ತವೆ.

ಇದೇ ಊರುಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದರೆ ನೂರು ವರ್ಷ ಹಿಂದಕ್ಕೆ ಕೊಂಡಿ ಬೀಳುತ್ತದೆ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 10ನೇ ಸಂಪುಟ, 1905ರದು, ಪೂರ್ತಿ ಕೋಲಾರ ಜಿಲ್ಲೆಯದು. ಆಗ ಚಿಕ್ಕಬಳ್ಳಾಪುರವೂ ಅದರೊಳಗೇ. ತುಮಕೂರಿನವರಾದರೆ 12ನೇ ಸಂಪುಟ ನೋಡಿ. ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಭಂಡಾರದಲ್ಲಿ ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ. ನಿಮ್ಮ ಊರಿನ ಮುಂದೆ ಆ ಸಂಖ್ಯೆ ಬರೆದರೆ, ಕಲ್ಲು ಇನ್ನೂ ಇದೆಯಾ, ರಸ್ತೆ ಅಡಿಗೆ ಹೋಯಿತಾ ಅಂತ ನೋಡಿಬರಲು ಒಂದು ನೆಪ ಸಿಗುತ್ತದೆ.

ಜನರ ಹೆಸರಿಗೂ ಇದೇ ಉಪಾಯ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಒಂದು ಕಾಗದದಲ್ಲಿ ಡಿ.ವಿ. ಗುಂಡಪ್ಪ, ಇನ್ನೊಂದರಲ್ಲಿ ಬರೀ ಗುಂಡಪ್ಪ. ಹೆಸರಾದವರಿಗೆ ವಿಕಿಪೀಡಿಯದ ಸೋದರ ಮಾಹಿತಿಕೋಶ ವಿಕಿಡೇಟಾದಲ್ಲಿ ಸಂಖ್ಯೆ ಇರುತ್ತದೆ, ಅದನ್ನು ಬಳಸಿ. ನಮ್ಮ ನಾರಾಯಣಪ್ಪ, ವೆಂಕಟಮ್ಮಂದಿರಿಗೆ ನಾವೇ ಸಂಖ್ಯೆ ಕೊಡಬೇಕು. ಅನುಮಾನ ಇದ್ದರೆ ಇಬ್ಬರನ್ನೂ ಒಂದು ಮಾಡಬೇಡಿ. ಬೇರೆ ಬೇರೆ ಇಟ್ಟರೆ ಆಮೇಲೆ ಸೇರಿಸಬಹುದು, ಸೇರಿಸಿದ ಮೇಲೆ ಬಿಡಿಸುವುದು ಕಷ್ಟ.

ಸೇರಿಸುವ ಕೆಲಸ ವರ್ಷಕ್ಕೆರಡು ಸಲ ಸಾಕು. ಪ್ರತಿ ಗುಂಪೂ ತನ್ನ ಪಟ್ಟಿಯ ಸಿಎಸ್‌ವಿ ಪ್ರತಿ (ಸ್ಪ್ರೆಡ್‌ಶೀಟಿನ ಸಾದಾ ಅಕ್ಷರರೂಪದ ಫೈಲು) ಕಳಿಸುತ್ತದೆ. ಒಬ್ಬರು ಎಲ್ಲವನ್ನೂ ಕೆಳಕೆಳಗೆ ಜೋಡಿಸಿ ‘ಯಾವ ಗುಂಪಿನದು’ ಅಂತ ಕಾಲಂ ಹಾಕುತ್ತಾರೆ. ಇಲ್ಲಿ ಒಂದು ಕಟ್ಟುನಿಟ್ಟು. ಬೇರೆಯವರ ಸಾಲನ್ನು ನೀವು ತಿದ್ದಬಾರದು. ತಪ್ಪು ಕಂಡರೆ ಆ ಗುಂಪಿಗೇ ಹೇಳಿ, ಅವರು ತಮ್ಮ ಪಟ್ಟಿಯಲ್ಲಿ ತಿದ್ದಲಿ. ಇಲ್ಲದಿದ್ದರೆ ಮುಂದಿನ ಸಲ ಹಳೇ ತಪ್ಪೇ ಮತ್ತೆ ಬರುತ್ತದೆ, ಜೊತೆಗೆ ಜಗಳವೂ. ಪಟ್ಟಿ ಹತ್ತಾರು ಸಾವಿರ ಸಾಲು ದಾಟಿದರೆ ಒಮೆಕಾ, ಆ್ಯಟಮ್ ಥರದ ಉಚಿತ ತಂತ್ರಾಂಶ ನೋಡಿ. ಮೊದಲ ವರ್ಷವೇ ವೆಬ್‌ಸೈಟ್ ಮಾಡಿಸಲು ಚಂದಾ ಎತ್ತಬೇಡಿ. ಅದರ ಬಾಡಿಗೆ ಕಟ್ಟುವವರು ಮೂರನೇ ವರ್ಷ ಇರುವುದಿಲ್ಲ.

ಎಲ್ಲಿ ಇಡುವುದು

ಒಪ್ಪಿಗೆ ಇರುವ ಚಿತ್ರಗಳಿಗೆ ಇಂಟರ್ನೆಟ್ ಆರ್ಕೈವ್ ಒಳ್ಳೆಯ ಜಾಗ. 1996ರಿಂದ ಇದೆ, ದುಡ್ಡಿಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಿದರೆ ವಿಕಿಪೀಡಿಯದಲ್ಲೂ ಬಳಕೆಯಾಗುತ್ತದೆ. ಆದರೆ ಅಲ್ಲಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸುವಂತೆ ಬಿಟ್ಟುಕೊಡಬೇಕು. ಆಮೇಲೆ ವಾಪಸ್ ಕೇಳಿದರೆ ಕಷ್ಟ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ಹಕ್ಕುಸ್ವಾಮ್ಯದ ಲೆಕ್ಕವೂ ಇದೆ. ಬರೆದವರು ಬದುಕಿದ್ದಾಗ ಅಚ್ಚಾದ ಪುಸ್ತಕಕ್ಕೆ ಅವರ ಆಯುಸ್ಸು, ಮೇಲೆ 60 ವರ್ಷ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಆ ಲೆಕ್ಕದಲ್ಲಿ ಅಂಥ ಪುಸ್ತಕಗಳು ಮುಕ್ತವಾಗುವುದು 2036ರ ಜನವರಿ 1ಕ್ಕೆ. ಪತ್ರಗಳಲ್ಲಿ ಜನ ಎಡವುತ್ತಾರೆ. ಕಾಗದ ಪಡೆದವರದು, ಬರಹದ ಹಕ್ಕು ಬರೆದವರದು. ಪಟ್ಟಿಯಲ್ಲಿ ಸೇರಿಸಲು ಮಾತ್ರ ಇದ್ಯಾವುದೂ ಅಡ್ಡಿಯಿಲ್ಲ.

ಇಡಬೇಕಾದ ಪ್ರತಿಗಳು ಮೂರು: ಎರಡು ಹಾರ್ಡ್‌ಡಿಸ್ಕ್, ಒಂದು ಇಂಟರ್ನೆಟ್ ಮೇಲೆ (ಒಪ್ಪಿಗೆ ಇರುವ ಚಿತ್ರಗಳು ಮಾತ್ರ). ಎರಡು ಡಿಸ್ಕೂ ಒಂದೇ ಊರಲ್ಲಿ ಬೇಡ. ನಮ್ಮದು ಒಂದು ಕೋಲಾರದಲ್ಲಿದೆ, ಇನ್ನೊಂದು ಚಿಂತಾಮಣಿಯ ಗೆಳೆಯರ ಬೀರುವಿನಲ್ಲಿ. ಅವರದು ನಮ್ಮಲ್ಲಿದೆ. ಬೀರುವಿನಲ್ಲಿಟ್ಟು ಮರೆತ ಡಿಸ್ಕ್ ಸತ್ತಿರುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ತೆರೆಯಲು ಒಂದು ದಿನ ಗೊತ್ತುಮಾಡಿಕೊಂಡಿದ್ದೇವೆ. ಆಯುಧಪೂಜೆ. ಅವತ್ತು ಡಿಸ್ಕ್ ಹೊರಗೆ ತೆಗೆದು, ಹತ್ತಿಪ್ಪತ್ತು ಫೈಲು ತೆರೆದು ನೋಡಿ, ಹೊಸದನ್ನು ಸೇರಿಸಿ, ಆಮೇಲೆ ಕುಂಕುಮ. ಕುಂಕುಮ ಡಬ್ಬಿಯ ಮೇಲೆ ಹಚ್ಚಿ, ಯುಎಸ್‌ಬಿ ಕಿಂಡಿಯ ಹತ್ತಿರ ಬೇಡ. ಅದೂ ಒಂದು ವರ್ಷ ಆಗಿತ್ತು.